ಒಂದಕ್ಷರದ ತಪ್ಪನ್ನು ಯಾರು ಹೇಳಬೇಕು?



ಕೆಲವು ವರ್ಷಗಳ ಹಿಂದಿನ ಮಾತು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಂಟನೇ ತರಗತಿಯ ಮಕ್ಕಳು ಕುಳಿತಿದ್ದರು. ಎಲ್ಲರ ಎದುರಿಗೂ ಕನ್ನಡದ ಒಂದು ಕೈಪಿಡಿ. ಅದು ಪಠ್ಯಪುಸ್ತಕವಲ್ಲ. ಯಾರೋ ಪುಣ್ಯಾತ್ಮರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಉಚಿತವಾಗಿ ಹಂಚಿದ್ದು. ಕೈಯಿಂದ ಕೈಗೆ ದಾಟಿ, ಜೆರಾಕ್ಸ್ ಪ್ರತಿಯಾಗಿ ನಮ್ಮಲ್ಲಿಗೆ ಬಂದಿತ್ತು. ಅಂದಿನ ಪಾಠ ಫೈಲಿನ ಹೆಸರು ಬದಲಾಯಿಸುವುದು. ‘ಫೈಲಿನ ಮೇಲೆ ಮೌಸಿನ ಎಡಗುಂಡಿ ಒತ್ತಿರಿ, ಆಗ ಕಾಣುವ ಪಟ್ಟಿಯಲ್ಲಿ ಹೆಸರು ಬದಲಿಸು ಎಂಬುದನ್ನು ಆರಿಸಿರಿ’ ಎಂದು ಕೈಪಿಡಿ ಹೇಳುತ್ತಿತ್ತು. ಮಕ್ಕಳು ಎಡಗುಂಡಿ ಒತ್ತಿದರು. ಯಾವ ಪಟ್ಟಿಯೂ ಕಾಣಲಿಲ್ಲ. ಮತ್ತೆ ಒತ್ತಿದರು. ಇಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಮ್ಮ ಕಂಪ್ಯೂಟರ್ ಹಾಳಾಗಿದೆ ಅಂತ ಕಾಣ್ತದೆ" ಎಂದಳು.

ಕಂಪ್ಯೂಟರ್ ಹಾಳಾಗಿರಲಿಲ್ಲ. ‘ಬಲಗುಂಡಿ’ ಎಂದಿರಬೇಕಾದಲ್ಲಿ ‘ಎಡಗುಂಡಿ’ ಎಂದು ಬಿದ್ದಿತ್ತು, ಅಷ್ಟೆ. ನಾವು ಪೆನ್ಸಿಲ್ ತೆಗೆದುಕೊಂಡು ಎಲ್ಲ ಪ್ರತಿಗಳಲ್ಲೂ ತಿದ್ದಿದೆವು. ಪಾಠ ಮುಂದುವರಿಯಿತು. ಮರುವರ್ಷ ಹೊಸ ಜೆರಾಕ್ಸ್ ಬಂತು. ಅದರಲ್ಲೂ ಎಡಗುಂಡಿ! ಮತ್ತೆ ಪೆನ್ಸಿಲ್. ಅದರ ಮರುವರ್ಷವೂ ಅದೇ ಕಥೆ. ಸಲಹೆ ಸೂಚನೆಗಳನ್ನು ಕಳುಹಿಸಬೇಕಾದ ವಿಳಾಸ ಕೈಪಿಡಿಯ ಕೊನೆಯ ಪುಟದಲ್ಲೇ ಇತ್ತು. ಮೂರು ವರ್ಷ ನಾವು ಆ ಪುಟವನ್ನು ತಿರುವಿಯೂ ನೋಡಲಿಲ್ಲ.

ತಪ್ಪು ಕಂಡಿತು, ತಿದ್ದಿದೆವು, ಆದರೆ ಹೇಳಲಿಲ್ಲ. ಈ ‘ಹೇಳುವುದು’ ಎಂಬ ಕೆಲಸಕ್ಕೆ ದೊಡ್ಡದೊಂದು ಇತಿಹಾಸವಿದೆ. ಅದರಲ್ಲಿ ನಮ್ಮ ಕನ್ನಡದ ಒಂದು ಅಕ್ಷರದ ಕಥೆಯೂ ಸೇರಿಕೊಂಡಿದೆ. ಇವತ್ತು ಅದನ್ನೇ ಹಂಚಿಕೊಳ್ಳೋಣ ಎಂದುಕೊಂಡಿದ್ದೇವೆ.

ತಾಳೆಗರಿಯಿಂದ ಕೈಪಿಡಿಯವರೆಗೆ

ತಾಳೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರಲ್ಲಿ ಒಂದು ಒಳ್ಳೆಯ ರೂಢಿ ಇತ್ತು. ಗ್ರಂಥ ಮುಗಿದ ಮೇಲೆ, ಬರೆಯುವಾಗ ಅಕ್ಷರ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು ಎಂದು ಬೇಡಿಕೊಳ್ಳುತ್ತಿದ್ದರು. ಓದುಗನಿಗೆ ಕೊಟ್ಟ ಗೌರವ ಅದು. ಆದರೆ ಅಲ್ಲೊಂದು ತೊಡಕಿತ್ತು. ಬಲ್ಲವನು ತಿದ್ದಿದರೆ ಅವನ ಕೈಯಲ್ಲಿದ್ದ ಆ ಒಂದು ಪ್ರತಿ ಮಾತ್ರ ಸರಿಯಾಗುತ್ತಿತ್ತು. ಬೇರೆ ಊರಿನ ಮಠದಲ್ಲೋ ಮನೆಯಲ್ಲೋ ಇದ್ದ ಪ್ರತಿಗಳಲ್ಲಿ ತಪ್ಪು ಹಾಗೆಯೇ ಉಳಿಯುತ್ತಿತ್ತು. ಅವುಗಳಿಂದ ಮತ್ತೆ ಪ್ರತಿ ಮಾಡಿದಾಗ ಅದೂ ಜತೆಗೆ ಹೋಗುತ್ತಿತ್ತು. ನಮ್ಮ ಪೆನ್ಸಿಲಿನ ಕೆಲಸವೂ ಇದೇ ಅಲ್ಲವೇ?

ಅಚ್ಚಿನ ಮೊಳೆಗಳು ಬಂದಾಗ ಪುಸ್ತಕದ ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಸೇರಿಕೊಂಡಿತು. ಹಳೆಯ ಕನ್ನಡ ಪುಸ್ತಕಗಳಲ್ಲಿ ‘ಒಪ್ಪೋಲೆ’ ಎಂಬ ಹೆಸರಿನಲ್ಲಿ ಅದನ್ನು ನೀವೂ ನೋಡಿರಬಹುದು. ಇಂತಿಷ್ಟನೇ ಪುಟ, ಇಂತಿಷ್ಟನೇ ಸಾಲು, ಹೀಗಿರುವುದನ್ನು ಹೀಗೆ ಓದಿ. ತಪ್ಪನ್ನು ತೋರಿಸಲು ಇದಕ್ಕಿಂತ ಚೊಕ್ಕವಾದ ಕ್ರಮವನ್ನು ಇಂದಿನವರೆಗೂ ಯಾರೂ ಕಂಡುಹಿಡಿದಿಲ್ಲ ಎಂದೇ ನಮಗನಿಸುತ್ತದೆ.

ಕಂಪ್ಯೂಟರಿನ ಲೋಕದಲ್ಲಿ ಕೈಪಿಡಿ ಬರೆದವರೇ ತಮ್ಮ ಕುಂದನ್ನು ಒಪ್ಪಿಕೊಂಡ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ರೂಪಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್ 3ರಂದು ಹೊರಬಂತು. ಒಂದೊಂದು ಆಜ್ಞೆಗೂ ಅದರಲ್ಲಿ ವಿವರಣೆ ಇತ್ತು. ವಿವರಣೆಯ ಜತೆಗೆ ‘ಬಗ್ಸ್’ ಎಂಬ ತಲೆಬರಹದ ಕೆಳಗೆ ಆ ಆಜ್ಞೆಯಲ್ಲಿ ಇರುವ ಕುಂದುಗಳೇನು ಎಂದು ಅವರೇ ಬರೆದುಕೊಂಡಿದ್ದರು. ಮಾರುವ ಸರಕಿನ ಜತೆಗೇ ಅದರ ದೋಷಗಳನ್ನೂ ಬರೆದುಕೊಡುವ ಅಂಗಡಿಯವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆ ಸಂಪ್ರದಾಯ ಲಿನಕ್ಸಿನ ಕೈಪಿಡಿ ಪುಟಗಳಲ್ಲಿ ಈಗಲೂ ಇದೆ.

ತಪ್ಪು ಹೇಳಿದವರಿಗೆ ಚೆಕ್ಕು

ಓದುಗ ತಪ್ಪು ಹೇಳಬೇಕು ಎಂದು ಬೇಡಿಕೊಂಡದ್ದಷ್ಟೇ ಅಲ್ಲ, ಹೇಳಿದವರಿಗೆ ಹಣವನ್ನೇ ಕೊಟ್ಟವರು ಡೊನಾಲ್ಡ್ ಕನೂತ್. 1938ರಲ್ಲಿ ಹುಟ್ಟಿದ ಇವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕರು. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಅವರ ಮಹಾಗ್ರಂಥದ ಮೊದಲ ಸಂಪುಟ 1968ರಲ್ಲಿ ಬಂತು. ತಮ್ಮ ಪುಸ್ತಕದಲ್ಲಿ ತಪ್ಪೊಂದನ್ನು ಮೊದಲು ತೋರಿಸಿದವರಿಗೆ 2.56 ಡಾಲರ್ ಕೊಡುವ ಪದ್ಧತಿ ಅವರದು. ಅಚ್ಚಿನ ತಪ್ಪಾದರೂ ಸರಿ, ಗಣಿತದ ತಪ್ಪಾದರೂ ಸರಿ. ಇದೇನು 2.56 ಎಂಬ ವಿಚಿತ್ರ ಲೆಕ್ಕ ಎಂದು ಕೇಳಬಹುದು. 256 ಸೆಂಟ್ ಎಂದರೆ ಹದಿನಾರನ್ನು ಹದಿನಾರರಿಂದ ಗುಣಿಸಿದಷ್ಟು. ಕಂಪ್ಯೂಟರಿನವರು ಬಳಸುವ ಹದಿನಾರರ ಲೆಕ್ಕದಲ್ಲಿ ಅದನ್ನು 100 ಎಂದು ಬರೆಯುತ್ತಾರೆ. ಹಾಗಾಗಿ ಅದು ಅವರ ಪಾಲಿಗೆ ‘ಹದಿನಾರರ ಲೆಕ್ಕದ ಒಂದು ಡಾಲರ್’! ತಪ್ಪಲ್ಲದ, ಆದರೆ ಉಪಯುಕ್ತವಾದ ಸಲಹೆಗೂ 32 ಸೆಂಟ್ ಉಂಟು.

ಆ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕಿದವರಿಗಿಂತ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದವರೇ ಹೆಚ್ಚು. ಚೆಕ್ಕಿನ ಚಿತ್ರಗಳು ಅಂತರಜಾಲದಲ್ಲಿ ಹರಿದಾಡಿ ಖಾತೆಯ ವಿವರ ವಂಚಕರ ಕೈಗೆ ಸಿಗತೊಡಗಿದ್ದರಿಂದ 2008ರಲ್ಲಿ ಕನೂತ್ ನಿಜವಾದ ಚೆಕ್ಕುಗಳನ್ನು ನಿಲ್ಲಿಸಬೇಕಾಯಿತು. ಅಂದಿನಿಂದ ‘ಸ್ಯಾನ್ ಸೆರಿಫ್’ ಎಂಬ, ಭೂಪಟದಲ್ಲೇ ಇಲ್ಲದ ದೇಶದ ಬ್ಯಾಂಕಿನ ಠೇವಣಿ ಪತ್ರವನ್ನು ಕಳುಹಿಸುತ್ತಾರೆ. ಒಂದು ಪೈಸೆಯೂ ಸಿಗದ ಆ ಕಾಗದಕ್ಕಾಗಿಯೂ ಜನ ಅವರ ಪುಸ್ತಕಗಳಲ್ಲಿ ತಪ್ಪು ಹುಡುಕುವುದನ್ನು ಬಿಟ್ಟಿಲ್ಲ.

ಪುಸ್ತಕದ ಅಚ್ಚು ಚೆನ್ನಾಗಿ ಬರಲಿಲ್ಲವೆಂದು ಕನೂತ್ ತಾವೇ ಒಂದು ಅಕ್ಷರಜೋಡಣೆಯ ತಂತ್ರಾಂಶವನ್ನೂ ಬರೆದರು. ಟೆಕ್ ಎಂಬ ಆ ತಂತ್ರಾಂಶದ ಮೊದಲ ರೂಪ 1978ರಲ್ಲಿ ಬಂತು. ಅದರಲ್ಲಿ ಕಂಡ ತಪ್ಪುಗಳನ್ನೆಲ್ಲ ದಿನಚರಿಯಂತೆ ಬರೆದಿಟ್ಟುಕೊಂಡು 1989ರಲ್ಲಿ ‘ದಿ ಎರರ್ಸ್ ಆಫ್ ಟೆಕ್’ ಎಂಬ ಲೇಖನವಾಗಿ ಪ್ರಕಟಿಸಿದರು. ಎಂಟುನೂರಕ್ಕೂ ಹೆಚ್ಚು ತಪ್ಪುಗಳ ಪಟ್ಟಿ! ನಮ್ಮಲ್ಲಿ ಯಾರಾದರೂ ತಮ್ಮ ತಪ್ಪುಗಳ ಪಟ್ಟಿಯನ್ನು ತಾವೇ ಅಚ್ಚು ಹಾಕಿಸಿದ್ದಾರೆಯೇ? ಟೆಕ್‌ನ ಆವೃತ್ತಿ ಸಂಖ್ಯೆಯೂ ಸ್ವಾರಸ್ಯಕರ. ತಿದ್ದುಪಡಿಯಾದಂತೆಲ್ಲ ಅದು ಪೈ ಸಂಖ್ಯೆಗೆ ಹತ್ತಿರವಾಗುತ್ತ ಹೋಗುತ್ತದೆ. 2021ರ ತಿದ್ದುಪಡಿಯ ನಂತರ ಅದು 3.141592653. ಪೈ ಎಂದೂ ಮುಗಿಯದ ಸಂಖ್ಯೆ ಎಂದು ನಮ್ಮ ಮಕ್ಕಳು ಹೈಸ್ಕೂಲಿನಲ್ಲೇ ಕಲಿಯುತ್ತಾರೆ. ತಿದ್ದುವ ಕೆಲಸಕ್ಕೂ ಅದೇ ಹೆಸರು ಸರಿ.

ಕನೂತ್ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಡಾಲರನ್ನಲ್ಲ. ತಪ್ಪು ಹೇಳಿದವನ ಪತ್ರ ಮೂಲ ಲೇಖಕನಿಗೇ ಮುಟ್ಟುತ್ತದೆ. ಮುಂದಿನ ಮುದ್ರಣದಲ್ಲಿ ಎಲ್ಲ ಪ್ರತಿಗಳೂ ಒಟ್ಟಿಗೇ ಸರಿಯಾಗುತ್ತವೆ. ಲಿಪಿಕಾರನ ಬೇಡಿಕೆ ಮತ್ತು ನಮ್ಮ ಪೆನ್ಸಿಲ್ ಮಾಡಲಾಗದ ಕೆಲಸ ಇದೇ.

ತಡವಾದರೆ ಏನಾಗುತ್ತದೆ?

ಎಲ್ಲ ತಪ್ಪುಗಳಿಗೂ ಮುಂದಿನ ಮುದ್ರಣದ ಭಾಗ್ಯ ಇರುವುದಿಲ್ಲ.

ಯೂನಿಕ್ಸಿನಲ್ಲಿ ಹೊಸ ಫೈಲನ್ನು ಸೃಷ್ಟಿಸುವ ಆಜ್ಞೆಯ ಹೆಸರು ‘ಕ್ರಿಯೇಟ್’. ಆದರೆ ಅದರ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಇ’ ಅಕ್ಷರವಿಲ್ಲ. ಯೂನಿಕ್ಸನ್ನು ಮತ್ತೆ ಹೊಸದಾಗಿ ಮಾಡುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದಾಗ, ಆ ಹೆಸರಿಗೊಂದು ‘ಇ’ ಸೇರಿಸುತ್ತೇನೆ ಎಂದು ಕೆನ್ ಥಾಂಪ್ಸನ್ ತಮಾಷೆಯಾಗಿ ಉತ್ತರಿಸಿದ್ದರಂತೆ. ಆದರೆ ಅಷ್ಟು ಹೊತ್ತಿಗೆ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಆ ತಪ್ಪು ಹೆಸರನ್ನೇ ಕರೆಯುತ್ತಿದ್ದವು. ಹೆಸರು ತಿದ್ದಿದರೆ ಅವೆಲ್ಲ ನಿಂತುಹೋಗುತ್ತಿದ್ದವು. ಹಾಗಾಗಿ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿರುವ ಲಿನಕ್ಸ್‌ನಲ್ಲೂ ‘ಇ’ ಇಲ್ಲದ ಆ ಹೆಸರು ಇಂದಿಗೂ ಇದೆ. ಥಾಂಪ್ಸನ್ ಇತರ ಇಬ್ಬರ ಜತೆ ಸೇರಿ ರೂಪಿಸಿ 2009ರಲ್ಲಿ ಹೊರತಂದ ‘ಗೋ’ ಎಂಬ ಹೊಸ ಭಾಷೆಯಲ್ಲಿ ಮಾತ್ರ ಈ ಹೆಸರಿಗೆ ‘ಇ’ ದೊರೆತಿದೆ.

ಇನ್ನೊಂದು ತಪ್ಪು ನಾವೆಲ್ಲ ದಿನವೂ ನಮಗೆ ತಿಳಿಯದೆಯೇ ಬಳಸುವಂಥದು. ಅಂತರಜಾಲದ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ‘ಆರ್‌ಎಫ್‌ಸಿ’ ಎಂದು ಹೆಸರು. ‘ಅಭಿಪ್ರಾಯ ಕೇಳುವ ಪತ್ರ’ ಎಂದು ಅದರ ಅರ್ಥ. ಸ್ಟೀವ್ ಕ್ರಾಕರ್ ಬರೆದ ಮೊದಲನೆಯದು 1969ರ ಏಪ್ರಿಲ್ 7ರದ್ದು. ನೀವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಾಗ, ಎಲ್ಲಿಂದ ಬಂದಿರಿ ಎಂದು ಬ್ರೌಸರ್ ಹೊಸ ಪುಟಕ್ಕೆ ತಿಳಿಸುವುದುಂಟು. ಆ ಸಾಲಿನ ಹೆಸರು ‘ರೆಫರರ್’. ಇಂಗ್ಲಿಷಿನಲ್ಲಿ ಅದರ ನಡುವೆ ಎರಡು ‘ಆರ್’ ಬರಬೇಕು. ಫಿಲಿಪ್ ಹಾಲಮ್-ಬೇಕರ್ ಅದನ್ನು ಸೂಚಿಸಿದಾಗ ಒಂದೇ ‘ಆರ್’ ಬಿದ್ದಿತ್ತು. ಯಾರೂ ತಿದ್ದಲಿಲ್ಲ. 1996ರ ಮೇ ತಿಂಗಳಲ್ಲಿ 1945ನೇ ಆರ್‌ಎಫ್‌ಸಿಯಾಗಿ ನಿಯಮ ಪ್ರಕಟವಾದಾಗ ಆ ತಪ್ಪು ಕಾಗುಣಿತವೇ ಸರಿಯಾದ ಕಾಗುಣಿತವಾಗಿ ಹೋಯಿತು! ಈಗ ಎರಡು ‘ಆರ್’ ಹಾಕಿ ಸರಿಯಾಗಿ ಬರೆದರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ. 2022ರಲ್ಲಿ ಬಂದ ಹೊಸ ನಿಯಮವೂ, ಇದು ತಪ್ಪು ಕಾಗುಣಿತ ಎಂದು ಒಪ್ಪಿಕೊಂಡೇ ಅದನ್ನು ಮುಂದುವರಿಸಿದೆ.

ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯನ್ನು ಮತ್ತೆ ತಿದ್ದುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಒಂದು ಒಪ್ಪೋಲೆ ಇರುತ್ತದೆ. ಯಾರು ಬೇಕಾದರೂ ತಪ್ಪನ್ನು ವರದಿ ಮಾಡಬಹುದು. ತಾಂತ್ರಿಕ ತಪ್ಪು ಮತ್ತು ಬರವಣಿಗೆಯ ತಪ್ಪು ಎಂದು ಎರಡು ಬಗೆ. ಪರಿಶೀಲಿಸಿದ ಮೇಲೆ ಒಪ್ಪಿದ್ದು, ಮುಂದಿನ ಆವೃತ್ತಿಗೆ ಕಾದಿರಿಸಿದ್ದು, ತಿರಸ್ಕರಿಸಿದ್ದು ಎಂದು ಗುರುತು ಹಾಕುತ್ತಾರೆ. ತಿರಸ್ಕರಿಸಿದ್ದನ್ನೂ ಅಳಿಸುವುದಿಲ್ಲ. ಒಂದು ಅಲ್ಪವಿರಾಮದ ಬಗ್ಗೆ ಬರೆದವರ ಮಾತಿಗೂ ಅಲ್ಲಿ ಜಾಗವಿದೆ.

ಹೆಸರು ತಪ್ಪಿದ ನಮ್ಮ ಅಕ್ಷರ

ಇನ್ನು ನಮ್ಮ ಮನೆಯ ಕಥೆಗೆ ಬರೋಣ.

ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ, ಒಂದೊಂದು ಇಂಗ್ಲಿಷ್ ಹೆಸರು ಕೊಟ್ಟಿರುವ ದಾಖಲೆ ಯೂನಿಕೋಡ್. ನೀವೀಗ ಓದುತ್ತಿರುವ ಈ ಸಾಲುಗಳು ಪರದೆಯ ಮೇಲೆ ಕಾಣುವುದೇ ಅದರಿಂದ. 1990ರ ದಶಕದ ಆರಂಭದಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತು. ಇಸ್ಕೀ ಎಂಬ ಭಾರತೀಯ ಸಂಕೇತ ಪದ್ಧತಿಯನ್ನು ಆಧರಿಸಿ ನಮ್ಮ ಲಿಪಿಗಳನ್ನು ಜೋಡಿಸಿದ್ದರಿಂದ ಎಲ್ಲವಕ್ಕೂ ಒಂದೇ ತೆರನಾದ ಕ್ರಮ. ಒಂದೊಂದು ಲಿಪಿಗೂ 128 ಮನೆಗಳ ಒಂದೊಂದು ಬೀದಿ ಎಂದಿಟ್ಟುಕೊಳ್ಳಿ. ಒಂದು ಬೀದಿಯಲ್ಲಿ ‘ಕ’ ಎಷ್ಟನೇ ಮನೆಯಲ್ಲಿದೆಯೋ ಪಕ್ಕದ ಬೀದಿಯಲ್ಲೂ ‘ಕ’ ಅಷ್ಟನೇ ಮನೆಯಲ್ಲೇ ಇರುತ್ತದೆ.

ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವೊಂದಿತ್ತು. ಏೞು, ಮೞೆ, ಕೋೞಿ, ಬಾೞೆ, ಪುೞು. ಈಗ ನಾವು ಏಳು, ಮಳೆ, ಕೋಳಿ, ಬಾಳೆ, ಹುಳು ಎನ್ನುತ್ತೇವೆ. ಹದಿಮೂರನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರದ ಚರ್ಚೆ ಬರುತ್ತದೆ. ಆಮೇಲೆ ಕನ್ನಡದ ನಾಲಿಗೆಯಿಂದ ಅದು ಜಾರಿಹೋಯಿತು. ಶಾಸನ ಮತ್ತು ಕಾವ್ಯಗಳಲ್ಲಿ ಮಾತ್ರ ಉಳಿಯಿತು.

ಯೂನಿಕೋಡಿನಲ್ಲಿ ಈ ಅಕ್ಷರ ಇದೆಯೇ? ಇದೆ. ಆದರೆ ಅದರ ಮನೆಯ ಮುಂದಿನ ಹೆಸರಿನ ಫಲಕದಲ್ಲಿ ಏನು ಬರೆದಿದೆ ಗೊತ್ತೇ? ‘ಕನ್ನಡ ಲೆಟರ್ ಎಫ್‌ಎ’. ಅಂದರೆ ‘ಫ಼’! ಫ್ಯಾನು, ಫೋನುಗಳ ಫ಼. ‘ೞ’ ಎಲ್ಲಿ, ‘ಫ಼’ ಎಲ್ಲಿ!

ಮನೆ ಸಂಖ್ಯೆ ನೋಡಿದರೆ ತಪ್ಪಿನ ಜಾಡು ತಕ್ಕಮಟ್ಟಿಗೆ ಕಾಣುತ್ತದೆ. ಸೊನ್ನೆಯಿಂದ ಎಣಿಸಿದರೆ ಈ ಸದ್ದಿನ ಅಕ್ಷರ ತಮಿಳು ಬೀದಿಯಲ್ಲಿ 52ನೇ ಮನೆಯಲ್ಲಿದೆ. ಮಲಯಾಳದ ಬೀದಿಯಲ್ಲೂ 52ನೇ ಮನೆ. ದೇವನಾಗರಿಯಲ್ಲೂ ಅದೇ. ಎಲ್ಲ ಕಡೆಯೂ ಹೆಸರು ಸರಿಯಾಗಿದೆ: ಮೂರು ‘ಎಲ್’, ಒಂದು ‘ಎ’. ತೆಲುಗಿಗೆ 2014ರಲ್ಲಿ ಈ ಅಕ್ಷರ ಸೇರಿತು. ಅದೂ 52ನೇ ಮನೆಗೆ, ಸರಿಯಾದ ಹೆಸರಿನಿಂದಲೇ. ಕನ್ನಡದ ಬೀದಿಯಲ್ಲಿ ಮಾತ್ರ ‘ಳ’ ಮತ್ತು ‘ವ’ ನಡುವಿನ 52ನೇ ಮನೆ ಖಾಲಿ. ನಮ್ಮ ‘ೞ’ ದೂರದ 94ನೇ ಮನೆಯಲ್ಲಿದೆ. ದೇವನಾಗರಿಯ ಬೀದಿಯಲ್ಲಿ 94ನೇ ಮನೆಯಲ್ಲಿರುವವರು ಯಾರು? ‘ಫ಼’. ಬೇರೆಯವರ ಮನೆಯಲ್ಲಿ, ಬೇರೆಯವರ ಹೆಸರಿನಲ್ಲಿ ನಮ್ಮ ಅಕ್ಷರ ಬಾಡಿಗೆಗಿರುವಂತಾಗಿದೆ.

ತಪ್ಪು ಗೊತ್ತಾದ ಮೇಲೆ ತಿದ್ದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. 1996ರಲ್ಲಿ ಬಂದ ಯೂನಿಕೋಡ್ 2.0 ಆವೃತ್ತಿಯಿಂದ ಒಂದು ಕಟ್ಟುನಿಟ್ಟಿನ ನಿಯಮ ಜಾರಿಯಲ್ಲಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಿಸುವುದಿಲ್ಲ. ಆ ಹೆಸರನ್ನು ನಂಬಿ ಯಾವ ತಂತ್ರಾಂಶ ಎಲ್ಲಿ ಕೆಲಸ ಮಾಡುತ್ತಿದೆಯೋ ಯಾರಿಗೆ ಗೊತ್ತು? ಈ ಕಷ್ಟ ಕನ್ನಡಕ್ಕೆ ಮಾತ್ರ ಬಂದದ್ದಲ್ಲ. 2005ರ 4.1 ಆವೃತ್ತಿಯಲ್ಲಿ ಸೇರಿದ ಒಂದು ಕಂಸ ಚಿಹ್ನೆಯ ಹೆಸರಿನಲ್ಲಿ ‘ಬ್ರ್ಯಾಕೆಟ್’ ಎಂಬ ಇಂಗ್ಲಿಷ್ ಪದದ ಎರಡು ಅಕ್ಷರಗಳು ಅದಲುಬದಲಾಗಿವೆ. ಅಪ್ಪಟ ಇಂಗ್ಲಿಷ್ ಪದ, ಇಂಗ್ಲಿಷ್ ಬಲ್ಲವರೇ ನೋಡಿದ್ದು. ಆದರೂ ತಪ್ಪಿತು. ಅದೂ ಶಾಶ್ವತ.

ಕೊನೆಗೆ 2006ರ 5.0 ಆವೃತ್ತಿಯಲ್ಲಿ ಇಂಥ ತಪ್ಪುಗಳಿಗಾಗಿಯೇ ‘ಅಧಿಕೃತ ಉಪನಾಮ’ ಎಂಬ ವ್ಯವಸ್ಥೆ ಬಂತು. ತಪ್ಪು ಹೆಸರು ಹಾಗೆಯೇ ಇರುತ್ತದೆ. ಪಕ್ಕದ ಪಟ್ಟಿಯಲ್ಲಿ ಸರಿಯಾದ ಹೆಸರನ್ನು ‘ತಿದ್ದುಪಡಿ’ ಎಂದು ಬರೆಯುತ್ತಾರೆ. ನಮ್ಮ ‘ೞ’ಕ್ಕೂ ಅಲ್ಲಿ ಸರಿಯಾದ ಹೆಸರು ಸಿಕ್ಕಿದೆ. ಅಕ್ಷರಗಳ ಪಟ್ಟಿಯಲ್ಲೂ, ಈ ಹೆಸರು ತಪ್ಪಾಗಿ ಬಂದದ್ದು ಎಂಬ ಟಿಪ್ಪಣಿ ಇದೆ. ನಮ್ಮ ಹಳೆಯ ಒಪ್ಪೋಲೆಯೇ ಹೊಸ ರೂಪದಲ್ಲಿ! ಆದರೆ ಮಗುವೊಂದು ಕಂಪ್ಯೂಟರಿನ ಅಕ್ಷರಪಟ್ಟಿಯನ್ನು ತೆರೆದು ಈ ಅಕ್ಷರದ ಮೇಲೆ ಒತ್ತಿದರೆ, ದೊಡ್ಡದಾಗಿ ಕಾಣುವುದು ಆ ತಪ್ಪು ಹೆಸರೇ.

ಗಡಿಯಲ್ಲಿದ್ದವರಿಗೆ ಗೊತ್ತಿತ್ತು

ಇಲ್ಲಿ ನಮ್ಮನ್ನು ಕಾಡುವ ಸಂಗತಿ ಒಂದಿದೆ. ‘ೞ’ ಕನ್ನಡದಲ್ಲಿ ಸತ್ತ ಅಕ್ಷರ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಕಾಸರಗೋಡಿನ ಕನ್ನಡಿಗರ ಕಿವಿಗೆ ಅದು ಸತ್ತಿಲ್ಲ. ಬಸ್ಸು ಹತ್ತಿದರೆ, ಮೀನು ಪೇಟೆಗೆ ಹೋದರೆ, ಆಸ್ಪತ್ರೆಯ ಸರದಿಯಲ್ಲಿ ನಿಂತರೆ ದಿನಕ್ಕೆ ನೂರು ಸಲ ಕೇಳುತ್ತದೆ. ಮಲಯಾಳದವರು ಮಳೆಗೆ ಮೞ ಎನ್ನುತ್ತಾರೆ. ಕೋಳಿಗೆ ಕೋೞಿ, ಬಾಳೆಗೆ ವಾೞ, ಹುಳಕ್ಕೆ ಪುೞು, ಏಳಕ್ಕೆ ಏೞ್. ಪಂಪ ರನ್ನರ ಕಾಲದ ಸದ್ದು ನಮ್ಮ ನೆರೆಮನೆಯಲ್ಲಿ ಜೀವಂತವಾಗಿದೆ. ಬೆಂಗಳೂರಿನ ಮಗುವಿಗೆ ಹಳಗನ್ನಡ ಕಲಿಸುವಾಗ ಈ ಸದ್ದನ್ನು ವಿವರಿಸಲು ಅಧ್ಯಾಪಕರು ಕಷ್ಟಪಡಬೇಕು. ನಮ್ಮ ಮಗುವಿಗೆ, "ನಿನ್ನ ಗೆಳತಿ ಮೞ ಅನ್ನುತ್ತಾಳಲ್ಲ, ಅದೇ" ಎಂದರೆ ಸಾಕು.

ಅಂದರೆ ಈ ಅಕ್ಷರದ ಹೆಸರು ತಪ್ಪಿದೆ ಎಂದು ಮೊದಲ ನೋಟಕ್ಕೇ ಹೇಳಬಲ್ಲವರು ಗಡಿನಾಡಿನವರು. ಎರಡು ಭಾಷೆಗಳ ನಡುವೆ ಬದುಕುವುದನ್ನು ನಾವು ಸಾಮಾನ್ಯವಾಗಿ ಕಷ್ಟವೆಂದೇ ಹೇಳಿಕೊಳ್ಳುತ್ತೇವೆ. ಕಷ್ಟ ಇರುವುದು ನಿಜ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನು ಉಳಿಸಿಕೊಳ್ಳುವುದು ಏನೆಂದು ಈ ಸಾಲುಗಳನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಬದುಕು ನಮಗೆ ಎರಡು ಕಡೆಯ ಕಿವಿಯನ್ನೂ ಕೊಟ್ಟಿದೆ. 1990ರ ದಶಕದ ಆರಂಭದಲ್ಲಿ ಯೂನಿಕೋಡಿನ ಕರಡು ನಮ್ಮ ಊರಿನ ಅಧ್ಯಾಪಕರ ಮೇಜಿನ ಮೇಲೆ ಬರುವ ಹಾಗಿರಲಿಲ್ಲ, ಒಪ್ಪೋಣ. ಇಂದು ಹಾಗಿಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯಿಂದ, ಮುಂದೆ 2017ರಲ್ಲಿ ಅದರ ಜಾಗಕ್ಕೆ ಬಂದ ಕೈಟ್ ಸಂಸ್ಥೆಯಿಂದ ಕೇರಳದ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶ ಬಂದಿದೆ. ಸ್ವತಂತ್ರ ತಂತ್ರಾಂಶ ಎಂದರೆ ನೋಡುವ, ಬದಲಿಸುವ, ಹಂಚುವ ಹಕ್ಕಿರುವ ತಂತ್ರಾಂಶ. ಅದರ ಕೈಪಿಡಿಗಳ ಕರಡುಗಳೂ ತೆರೆದೇ ಇವೆ.

ಸಣ್ಣ ಪದ, ದೊಡ್ಡ ವ್ಯತ್ಯಾಸ

‘ಇಷ್ಟು ಸಣ್ಣ ತಪ್ಪಿಗೆ ಯಾರು ಪತ್ರ ಬರೆಯುತ್ತಾರೆ?’ ಎನ್ನುವವರಿದ್ದಾರೆ. ಮೂರು ವರ್ಷ ನಾವೂ ಹಾಗೆಯೇ ಅಂದುಕೊಂಡವರು. ಅಂತರಜಾಲದ ನಿಯಮ ಬರೆಯುವವರು ಇದನ್ನು ಬೇರೆ ರೀತಿ ನೋಡಿದರು. 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ 2119ನೇ ಆರ್‌ಎಫ್‌ಸಿ ಕೆಲವೇ ಕೆಲವು ಪದಗಳಿಗೆ ಅರ್ಥ ಹೇಳಲೆಂದೇ ಇರುವ ದಾಖಲೆ. ಮಾಡಲೇಬೇಕು, ಮಾಡುವುದು ಒಳ್ಳೆಯದು, ಮಾಡಬಹುದು. ಇವು ಮೂರೂ ಬೇರೆ ಬೇರೆ ಎಂದು ಅದು ಗೆರೆ ಎಳೆದು ಹೇಳುತ್ತದೆ. ಅಷ್ಟಾದರೂ ಗೊಂದಲ ತೀರಲಿಲ್ಲ. ಈ ಪದಗಳನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷ ಅರ್ಥ ಎಂದು ಸ್ಪಷ್ಟಪಡಿಸಲು 2017ರ ಮೇ ತಿಂಗಳಲ್ಲಿ ಇನ್ನೊಂದು ದಾಖಲೆಯೇ ಬೇಕಾಯಿತು.

ಕನ್ನಡಕ್ಕೆ ತರುವಾಗ ‘ಬೇಕು’ ಎಂಬಲ್ಲಿ ‘ಬಹುದು’ ಬಿದ್ದರೆ? ‘ಅಳಿಸಬೇಡಿ’ ಎಂಬಲ್ಲಿ ‘ಅಳಿಸಿಬಿಡಿ’ ಎಂದಾದರೆ? ಪ್ರಶ್ನೆಪತ್ರಿಕೆಯಲ್ಲಿ ಒಂದು ‘ಅಲ್ಲ’ ಬಿಟ್ಟುಹೋದರೆ ಮಕ್ಕಳ ಅಂಕಕ್ಕೆ ಏನಾಗುತ್ತದೆ ಎಂದು ತಿಳಿದಿರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನೂ ಒಂದು ಮಾತು. ಇಂಗ್ಲಿಷಿನ ಕೈಪಿಡಿಯನ್ನು ಲಕ್ಷಾಂತರ ಜನ ಓದುತ್ತಾರೆ. ಒಬ್ಬರು ಹೇಳದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ಕನ್ನಡದ ಕೈಪಿಡಿಯನ್ನು ಓದುವವರು ಕಡಿಮೆ. ಓದಿ, ಹೇಳಿದಂತೆ ಮಾಡಿ ನೋಡುವವರು ಇನ್ನೂ ಕಡಿಮೆ. ಅಂಥವರಲ್ಲಿ ನಮ್ಮ ಶಾಲೆಗಳ ಮಕ್ಕಳು ಮುಖ್ಯರು. ಅವರಿಗೆ ತಪ್ಪು ಎದುರಾದಾಗ ಅವರು ಪುಸ್ತಕವನ್ನು ಸಂಶಯಿಸುವುದಿಲ್ಲ. ಕಂಪ್ಯೂಟರನ್ನು, ಇಲ್ಲವೇ ತಮ್ಮನ್ನೇ ಸಂಶಯಿಸುತ್ತಾರೆ. ಕೆಲವರು ‘ಇಂಗ್ಲಿಷಿನಲ್ಲಿ ಓದಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ತೀರ್ಮಾನಕ್ಕೂ ಬರುತ್ತಾರೆ. ಎಡಗುಂಡಿ ಬಲಗುಂಡಿಯ ಒಂದು ತಪ್ಪಿನಿಂದ ಮಗು ಭಾಷೆಯ ಮೇಲೇ ನಂಬಿಕೆ ಕಳೆದುಕೊಳ್ಳಬಾರದು.

ಹೇಗೆ ಹೇಳಬೇಕು?

ನಮ್ಮ ಒಪ್ಪೋಲೆಯ ಕ್ರಮವೇ ಸಾಕು. ಯಾವ ಕೈಪಿಡಿ, ಯಾವ ಆವೃತ್ತಿ, ಯಾವ ಪುಟ, ಎಷ್ಟನೇ ಸಾಲು ಎಂದು ಬರೆಯಿರಿ. ಈಗ ಹೇಗಿದೆ ಎಂಬುದನ್ನು ಇದ್ದ ಹಾಗೆಯೇ ಬರೆಯಿರಿ. ಹೇಗಿರಬೇಕು ಎಂದು ಬರೆಯಿರಿ. ಏಕೆ ಎಂದು ಒಂದು ಸಾಲು ಸೇರಿಸಿ. ಒಂದು ಪತ್ರಕ್ಕೆ ಒಂದೇ ತಪ್ಪು ಇದ್ದರೆ ತಿದ್ದುವವರಿಗೆ ಸುಲಭ. ನಿಮಗಿಂತ ಮೊದಲೇ ಯಾರಾದರೂ ಹೇಳಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಬರೆದವರನ್ನು ಹಂಗಿಸುವ ಮಾತು ಬೇಡ. ಕನ್ನಡಕ್ಕೆ ಕೈಪಿಡಿ ತಂದವರು ಬಹುಮಟ್ಟಿಗೆ ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ಮಾಡಿದವರು. ನಿಮ್ಮ ತಿದ್ದುಪಡಿಯೇ ತಪ್ಪಾಗಿರುವ ಸಾಧ್ಯತೆಯೂ ಇದೆ ಎಂಬ ವಿನಯ ಇರಲಿ. ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಪತ್ರಲೇಖನ ಹೇಗೂ ಪಾಠದಲ್ಲಿ ಇದ್ದೇ ಇದೆ. ಕಾಲ್ಪನಿಕ ವಿಳಾಸಕ್ಕೆ ಕಾಲ್ಪನಿಕ ಪತ್ರ ಬರೆಯುವ ಬದಲು, ನಿಜವಾದ ತಪ್ಪಿನ ಬಗ್ಗೆ ನಿಜವಾದ ಪತ್ರ ಬರೆಯಲಿ.

ಅಂದ ಹಾಗೆ, ಆ ಎಡಗುಂಡಿಯ ಕಥೆ ಏನಾಯಿತು? ನಾಲ್ಕನೇ ವರ್ಷ ನಾಚಿಕೆಯಾಗಿ ನಾವು ಕೊನೆಯ ಪುಟದ ವಿಳಾಸಕ್ಕೆ ಆರು ಸಾಲು ಬರೆದೆವು. ವಾರದೊಳಗೆ ಉತ್ತರ ಬಂತು. ತಪ್ಪನ್ನು ತಿದ್ದಿದ್ದೇವೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಮಾತಿತ್ತು. ಕೈಪಿಡಿ ಹೊರಬಂದು ಇಷ್ಟು ವರ್ಷವಾದರೂ ಯಾರಿಂದಲೂ ಒಂದು ಸಾಲು ಬಂದಿರಲಿಲ್ಲ, ಇದನ್ನು ಯಾರೂ ಓದುತ್ತಲೇ ಇಲ್ಲವೆಂದುಕೊಂಡು ಮುಂದಿನ ಭಾಗದ ಅನುವಾದವನ್ನು ಅರ್ಧಕ್ಕೆ ಬಿಟ್ಟಿದ್ದೆವು ಎಂದು.

ಅದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಆ ಮೂರು ವರ್ಷವೂ ಪ್ರತಿ ತರಗತಿಯಲ್ಲಿ ಮಕ್ಕಳು ಅದನ್ನು ಓದುತ್ತಿದ್ದರು. ಬರೆದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ತಪ್ಪು ತೋರಿಸುವ ಪತ್ರವೆಂದರೆ, ಇಲ್ಲಿ ಓದುವವರಿದ್ದಾರೆ ಎಂದು ತಿಳಿಸುವ ಪತ್ರವೂ ಹೌದು.

‘ೞ’ದ ಹೆಸರು ಇನ್ನು ಬದಲಾಗುವುದಿಲ್ಲ. ಬದಲಾಗಬಹುದಾದ ತಪ್ಪುಗಳು ನಮ್ಮ ಶಾಲೆಗಳ ಮೇಜಿನ ಮೇಲೆ ಬೇಕಾದಷ್ಟಿವೆ. ಈ ವಾರ ನಿಮ್ಮ ತರಗತಿಯಲ್ಲಿ ಒಂದನ್ನಾದರೂ ಹುಡುಕಿ. ಪೆನ್ಸಿಲಿನಲ್ಲಿ ತಿದ್ದಿ, ತೊಂದರೆಯಿಲ್ಲ. ಆಮೇಲೆ ಕೊನೆಯ ಪುಟ ತಿರುವಿ ವಿಳಾಸ ನೋಡಿ.

ಈ ಲೇಖನದಲ್ಲೂ ತಪ್ಪುಗಳಿರಬಹುದು. ಕಂಡರೆ ದಯವಿಟ್ಟು ಹೇಳಿ. ಎರಡು ಡಾಲರ್ ಐವತ್ತಾರು ಸೆಂಟ್ ಕೊಡುವ ಶಕ್ತಿ ನಮಗಿಲ್ಲ. ನಮ್ಮ ಊರಿಗೆ ಬಂದರೆ ಒಂದು ಲೋಟ ಚಹಾ ಖಂಡಿತ.